ಒಂದು ವಾರದಿಂದ

ದೊಮ್ಮಲೂರು ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಅಂಬುಜಾ ತನ್ನ ಹಳೆಯ ನೂಲಿನ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಮಡಿಲಲ್ಲಿಟ್ಟುಕೊಂಡಿದ್ದಳು. ಅದರ ಅಂಚನ್ನು ಸವರುತ್ತಾ, "ಇವತ್ತು ಕಮ್ಮಿ ಆಗಿರತ್ತೆ ನೋಡ್ರಿ. ಮೂರು ದಿನ ಡ್ರಿಪ್ ಹೋಗಿದೆಯಲ್ಲ," ಎಂದಳು. ಪಕ್ಕದಲ್ಲಿದ್ದ ಗಂಡ ಶ್ರೀಕಂಠಯ್ಯ ಹೂಂಗುಟ್ಟಿದ. ಆ ಸೀರೆಯನ್ನು ಆಸ್ಪತ್ರೆಯ ಬೋನಿನೊಳಗೆ ಹಾಸಿದರೆ ತನ್ನ ವಾಸನೆಗೆ ಸಾಸಿವೆ ಧೈರ್ಯ ತಂದುಕೊಳ್ಳುತ್ತದೆ ಎಂಬುದು ಅವಳ ನಂಬಿಕೆ. ಸಾಸಿವೆ ಅವರ ಬೆಕ್ಕು. ಹನ್ನೆರಡು ವರ್ಷದ ಕಪ್ಪು ಹೆಣ್ಣು ಬೆಕ್ಕು. ಅವರ ಬೆಕ್ಕು ಅನ್ನುವುದಕ್ಕಿಂತ ಅಂಬುಜಾಳ ಬೆಕ್ಕು ಅನ್ನುವುದೇ ಸರಿ. ಆದರೂ ಇಂದಿರಾನಗರದ ಆಸ್ಪತ್ರೆಯವರು ಫಾರಮಿನಲ್ಲಿ 'ಸಾಸಿವೆ ಶ್ರೀಕಂಠಯ್ಯ' ಎಂದು ಬರೆದುಕೊಂಡಿದ್ದರು. ಕಾಯುವ ಕೋಣೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಕೂಗಿದಾಗ ಪಕ್ಕದಲ್ಲಿ ನಾಯಿ ಹಿಡಿದು ಕೂತಿದ್ದ ಹುಡುಗಿ ತುಟಿ ಕಚ್ಚಿ ನಕ್ಕಿದ್ದಳು. ಅವನಿಗೆ ನಾಚಿಕೆಯಾಗಿತ್ತು. ನಾಚಿಕೆಯ ಅಡಿಯಲ್ಲಿ ಸಣ್ಣದೊಂದು ಹೆಮ್ಮೆಯೂ ಆಗಿತ್ತು. ಆ ಹೆಮ್ಮೆಯನ್ನು ನೆನಪಿಸಿಕೊಳ್ಳದಿರಲು ಈ ಮೂರು ದಿನ ಅವನು ನೋಡುತ್ತಿದ್ದ.

ಮೂರು ದಿನದ ಹಿಂದೆ, ಬೆಕ್ಕನ್ನು ಮೊದಲು ತಂದಾಗ, ಯಾವಾಗಿಂದ ಹೀಗಿದೆ ಎಂದು ಕೇಳಿದವಳು ಡಾಕ್ಟರ್ ಅಂಬ್ರೀನ್. ಮೂವತ್ತೆರಡು ಮೂವತ್ಮೂರರ ಹೆಂಗಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಸಾಸಿವೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಾ ತಲೆಯೆತ್ತದೆ ಕೇಳಿದ್ದಳು. ಅಂಬುಜಾ ಹಿಂದಿನ ಸಂಜೆಯಷ್ಟೇ ಚಿತ್ರದುರ್ಗದಿಂದ ಬಂದಿದ್ದಳು. ಅಕ್ಕನ ಸೊಂಟದ ಮೂಳೆ ಮುರಿದು, ನೋಡಿಕೊಳ್ಳಲು ಹೋದವಳು ಹತ್ತು ವಾರ ಅಲ್ಲೇ ಇದ್ದಳು. ಬಾಗಿಲು ತೆಗೆದವಳೇ ಬೆಕ್ಕನ್ನೆತ್ತಿಕೊಂಡು, ಅದರ ಬೆನ್ನಿನ ಮೇಲೆ ಕೈಯಾಡಿಸಿ ಹಾಗೇ ನಿಂತುಬಿಟ್ಟಿದ್ದಳು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಡಾಕ್ಟರ ಪ್ರಶ್ನೆಗೆ ಅವಳು ಗಂಡನ ಕಡೆ ತಿರುಗಿ, "ಇವರೇ ನೋಡ್ಕೋತಿದ್ದಿದ್ದು, ಇವರನ್ನ ಕೇಳಿ," ಅಂದಳು. ಇಬ್ಬರ ಕಣ್ಣೂ ಅವನ ಮೇಲೆ ಬಿತ್ತು. ವಿಮಾನ ಕಾರ್ಖಾನೆಯ ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವನು, ಒಂದು ತಾರೀಕು ತಪ್ಪಿದ್ದರೂ ಕಾಗದವನ್ನು ವಾಪಸು ಕಳಿಸುತ್ತಿದ್ದವನು, ಯಾರೋ ಬೇರೆಯವರು ಹೇಳಿಕೊಟ್ಟ ಹಾಗೆ, "ಒಂದು ವಾರದಿಂದ," ಎಂದಿದ್ದ.

"ಒಂದೇ ವಾರದಲ್ಲಿ ಇಷ್ಟಾಗಿದ್ರೆ ಏನೋ ತಿಂದಿರ್ಬೇಕು ಸರ್," ಎಂದಳು ಡಾಕ್ಟರು. "ಗಿಡಾನೋ, ಇಲಿ ಪಾಷಾಣಾನೋ. ಸ್ಕ್ಯಾನಲ್ಲಿ ಕಿಡ್ನಿ ಸ್ವಲ್ಪ ಚಿಕ್ಕದಾಗಿ ಕಾಣ್ತಿದೆ, ಆದ್ರೆ ವಯಸ್ಸಿಗೂ ಹಾಗಿರ್ಬಹುದು. ಸಡನ್ನಾಗಿ ಬಂದಿದ್ದಾದ್ರೆ ವಾಪಸ್ ಬರೋ ಚಾನ್ಸ್ ಇರತ್ತೆ. ಅಡ್ಮಿಟ್ ಮಾಡಿ, ನಾಲ್ಕೈದು ದಿನ ಡ್ರಿಪ್ ಹಾಕಿ ನೋಡೋಣ." ಆಮೇಲೆ ಕೈಗವಸು ಬಿಚ್ಚುತ್ತಾ, ತನಗೆ ತಾನೇ ಹೇಳಿಕೊಂಡಂತೆ, "ಹಳೇ ಕಾಯಿಲೆ ಆಗಿದ್ರೆ ಇಷ್ಟು ಹಿಂಸೆ ಕೊಡೋಕೆ ನಾನು ಹೇಳ್ತಿರ್ಲಿಲ್ಲ. ಮನೇಲೇ ಇಟ್ಕೊಳ್ಳಿ, ನೋವಿಲ್ಲದ ಹಾಗೆ ನೋಡ್ಕೊಳೋಣ ಅಂತಿದ್ದೆ," ಎಂದಿದ್ದಳು. ಆ ಮಾತು ಅವನ ಕಿವಿಗೆ ಸ್ಪಷ್ಟವಾಗಿ ಬಿತ್ತು. ಆಗ ಬಾಯಿ ತೆರೆಯಬಹುದಿತ್ತು. ಅಂಬುಜಾ ಆಗಲೇ ಬೆಕ್ಕಿನ ಕಿವಿಯ ಹತ್ತಿರ ಬಾಗಿ, ನಾಲ್ಕೇ ದಿನ ಕಂದಾ, ನಾಲ್ಕೇ ದಿನ, ಎನ್ನುತ್ತಿದ್ದಳು. ಅವನು ಗೋಡೆಯ ಮೇಲೆ ಅಂಟಿಸಿದ್ದ ನಾಯಿಗಳ ಜಾತಿಯ ಚಿತ್ರಪಟವನ್ನು ಮೇಲಿನಿಂದ ಕೆಳಗಿನವರೆಗೆ ಓದಿದ.

ಆಟೋ ಬಲಕ್ಕೆ ಹೊರಳಿ ನೂರಡಿ ರಸ್ತೆಗೆ ಬಂತು. ಬೆಳಗಿನ ಹನ್ನೊಂದಕ್ಕೇ ಒಂದು ಹೋಟೆಲಿನ ಮುಂದೆ ಹುಡುಗ ಹುಡುಗಿಯರು ಸಾಲಾಗಿ ನಿಂತಿದ್ದರು. ಅಂಬುಜಾ ಮತ್ತೆ ಪಾಷಾಣದ ಮಾತೆತ್ತಿದಳು. "ಅಕ್ಕಯಮ್ಮನೇ ಇಟ್ಟಿರೋದು. ಟೆರೇಸಲ್ಲಿ ಇಲಿ ಅಂತ ಹೋದ ತಿಂಗಳೆಲ್ಲಾ ಗೊಣಗ್ತಿದ್ರು ಅಂತ ನೀವೇ ಫೋನಲ್ಲಿ ಹೇಳಿರ್ಲಿಲ್ವಾ?" ಹೇಳಿದ್ದು ಹೌದು. ಅಕ್ಕಯಮ್ಮ ಅವರ ಮನೆ ಮಾಲೀಕ ಮುನಿವೆಂಕಟಪ್ಪನ ಹೆಂಡತಿ, ಕೆಳಗಿನ ಮನೆಯಲ್ಲೇ ಇರುವವರು. ಅಡ್ಮಿಟ್ ಮಾಡಿ ಬಂದ ದಿನವೇ ಅಂಬುಜಾ ಇಳಿದುಹೋಗಿ ಅವರ ಬಾಗಿಲಲ್ಲಿ ನಿಂತು ಕೇಳಿದ್ದಳು. ಜಗಳವಾಡುವ ಅಭ್ಯಾಸವಿಲ್ಲದ ಹೆಂಗಸು ಜಗಳವಾಡಿದರೆ ಹೇಗೋ ಹಾಗೆ, ನಡುಗುವ ದನಿಯಲ್ಲಿ. ಅಕ್ಕಯಮ್ಮ, "ಮಾರಮ್ಮನ ಆಣೆಗೂ ನಾನು ಇಕ್ಕಿಲ್ಲ ಕಣಮ್ಮ. ಮೂಕ್ ಪ್ರಾಣಿ ಅದು, ನನ್ ಕೈ ಬಿದ್ದೋಗ," ಎಂದು ಅತ್ತಿದ್ದರು. ಶ್ರೀಕಂಠಯ್ಯ ಮೆಟ್ಟಿಲ ತಿರುವಿನಲ್ಲಿ, ಮೇಲಿನವರಿಗೂ ಕೆಳಗಿನವರಿಗೂ ಕಾಣದ ಜಾಗದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಕಂಬಿಯ ಮೇಲೆ ಕೈಯಿತ್ತು. ಕಂಬಿ ತಣ್ಣಗಿತ್ತು. ಇಳಿದುಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವನು ಸದ್ದಾಗದಂತೆ ಮೇಲೆ ಹತ್ತಿಬಂದು, ಹೆಂಡತಿ ಬರುವ ಹೊತ್ತಿಗೆ ಪೇಪರು ಹಿಡಿದು ಕೂತಿದ್ದ.

ಅವಳು ಚಿತ್ರದುರ್ಗಕ್ಕೆ ಹೋಗಿ ಹದಿನೈದು ದಿನವಾಗಿರಬೇಕು, ಸಾಸಿವೆ ಮೊದಲ ಬಾರಿ ಅವನ ಹಿಂದೆ ಬಚ್ಚಲಿಗೆ ಬಂದದ್ದು. ಬೆಳಗಿನ ಐದೂವರೆ. ಅವನು ಹಲ್ಲುಜ್ಜುತ್ತಿದ್ದಾಗ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ನೀರು ನೆಕ್ಕತೊಡಗಿತು. ಮಗ್ಗಿನಲ್ಲಿ ಹಿಡಿದುಕೊಟ್ಟರೆ ಅದನ್ನೂ ಕುಡಿಯಿತು. ಮರುದಿನವೂ ಬಂತು. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಅವನ ಕೈಗೆ ಸಿಗದಿದ್ದ ಪ್ರಾಣಿ, ಅವನು ಸೋಫಾದ ಮೇಲೆ ಕೂತರೆ ಎದ್ದು ಹೋಗುತ್ತಿದ್ದ ಪ್ರಾಣಿ, ಮೂರನೆಯ ವಾರದ ಹೊತ್ತಿಗೆ ಪೇಪರು ಓದುವಾಗ ಅವನ ಪಾದದ ಮೇಲೆ ಬಂದು ಮಲಗಿತು. ಆಮೇಲೆ ತೊಡೆಯ ಮೇಲೆ. ಅವನು ಅಲುಗದೆ ಕೂತಿದ್ದ. ಕಾಲು ಜೋಮು ಹಿಡಿದರೂ ಏಳಲಿಲ್ಲ. ಫೋನು ಬಡಿದುಕೊಂಡರೂ ಏಳಲಿಲ್ಲ. ಅರವತ್ಮೂರನೆಯ ವಯಸ್ಸಿನಲ್ಲಿ ತನ್ನನ್ನು ಒಂದು ಜೀವ ತಾನಾಗಿ ಆರಿಸಿಕೊಂಡಿತಲ್ಲ ಎಂಬ ಸುಖ ಅವನಿಗೆ ಹೊಸದು. ಇದನ್ನು ಅಂಬುಜಾಳಿಗೆ ಫೋನಿನಲ್ಲಿ ಹೇಳಲಿಲ್ಲ. ಬಂದಮೇಲೆ ತೋರಿಸಬೇಕು, ಅವಳು ಕರೆದರೂ ಅದು ತನ್ನ ತೊಡೆಯಿಂದ ಏಳಬಾರದು ಎಂದು ಕನಸು ಕಂಡ. ಬಟ್ಟಲಿನಲ್ಲಿ ಅನ್ನ ಹಾಗೇ ಉಳಿಯುತ್ತಿತ್ತು. ಅದನ್ನು ಕಾಗೆಗೆ ಹಾಕಿ ಬಟ್ಟಲು ತೊಳೆದಿಟ್ಟು, ಸಂಜೆ ಅವಳು ಕೇಳಿದಾಗ "ಬಟ್ಟಲು ಖಾಲಿ" ಎನ್ನುತ್ತಿದ್ದ. ಅದು ಸುಳ್ಳಲ್ಲವಲ್ಲ. ಒಂದು ಮಧ್ಯಾಹ್ನ ಸವರುವಾಗ ಬೆನ್ನೆಲುಬಿನ ಒಂದೊಂದು ಗಂಟೂ ಕೈಗೆ ಸಿಕ್ಕಿತು. ಅವನು ಫೋನಿನಲ್ಲಿ, ಬೆಕ್ಕು ನೀರು ಜಾಸ್ತಿ ಕುಡಿದರೆ, ಎಂದು ಬರೆದು ಒತ್ತಿದ. ಮೇಲೆ ಬಂದ ಮೊದಲ ಸಾಲಿನಲ್ಲೇ ಕಿಡ್ನಿ ಎಂಬ ಮಾತಿತ್ತು. ಎರಡನೆಯ ಸಾಲು ಓದಲಿಲ್ಲ. ಫೋನನ್ನು ಮಗುಚಿಟ್ಟ. ತೊಡೆಯ ಮೇಲೆ ಬೆಕ್ಕು ಗುರುಗುಟ್ಟುತ್ತಿತ್ತು. ನೋವಿಗೂ ಬೆಕ್ಕು ಗುರುಗುಟ್ಟುತ್ತದೆ ಎಂಬುದು ಅವನಿಗೆ ಮೊನ್ನೆಯಷ್ಟೇ, ಆಸ್ಪತ್ರೆಯ ಬೆಂಚಿನ ಮೇಲೆ, ಅದೇ ಫೋನಿನಿಂದ ತಿಳಿದದ್ದು.

ಒಳರೋಗಿಗಳ ಕೋಣೆಯಲ್ಲಿ ಫಿನಾಯಿಲಿನ ಜೊತೆ ಮೂತ್ರದ ವಾಸನೆ ಬೆರೆತಿತ್ತು. ಸಾಸಿವೆ ಎರಡನೆಯ ಸಾಲಿನ ಬೋನಿನಲ್ಲಿತ್ತು. ಕಚ್ಚಿಕೊಳ್ಳಬಾರದೆಂದು ಕುತ್ತಿಗೆಗೆ ಅಗಲವಾದ ಪ್ಲಾಸ್ಟಿಕ್ ಕಾಲರು ಹಾಕಿದ್ದರು. ಮುಂಗಾಲಿನ ಕೂದಲು ಬೋಳಿಸಿ, ಸೂಜಿ ಚುಚ್ಚಿ, ನೀಲಿ ಪಟ್ಟಿ ಸುತ್ತಿದ್ದರು. ಎದುರು ಬೋನಿನ ನಾಯಿ ಬೊಗಳಿದಾಗಲೆಲ್ಲ ಅದರ ಮೈ ಅದುರುತ್ತಿತ್ತು, ತಲೆ ಮಾತ್ರ ಏಳುತ್ತಿರಲಿಲ್ಲ. ಅಂಬುಜಾ ಸೀರೆಯನ್ನು ಅದರಡಿಗೆ ತೂರಿಸಿ, "ನಾನು ಬಂದೆ ಕಂದಾ," ಎಂದಳು. ಬೆಕ್ಕು ಅವಳನ್ನು ನೋಡಿತು. ಗುರುತಿಲ್ಲದವರನ್ನು ನೋಡುವಂತೆ ನೋಡಿ ಮುಖವನ್ನು ಬೋನಿನ ಮೂಲೆಗೆ ತಿರುಗಿಸಿತು. ಅಂಬುಜಾಳ ಕೈ ಸರಳಿನ ಒಳಗೇ ಉಳಿಯಿತು. ಆ ಕ್ಷಣ ಶ್ರೀಕಂಠಯ್ಯನಿಗೆ ಬೇರೆ ಕಡೆ ನೋಡಬೇಕೆನಿಸಿತು. ಬೇರೆ ಕಡೆಯೂ ಬೋನುಗಳೇ ಇದ್ದವು.

ಡಾಕ್ಟರ್ ಅಂಬ್ರೀನ್ ರಕ್ತದ ರಿಪೋರ್ಟು ಹಿಡಿದು ಬಂದಳು. ಕಡಿಮೆಯಾಗಬೇಕಿದ್ದದ್ದು ಏರಿತ್ತು. "ಎರಡು ದಾರಿ ಇದೆ ಆಂಟಿ. ಕುತ್ತಿಗೆ ಹತ್ರ ಸಣ್ಣ ಆಪರೇಷನ್ ಮಾಡಿ ಟ್ಯೂಬ್ ಹಾಕಿದ್ರೆ ಊಟ ಕೊಡಬಹುದು. ಜೊತೆಗೆ ಇನ್ನೊಂದು ವಾರ ಡ್ರಿಪ್ಪೂ ಮುಂದುವರಿಸಬಹುದು. ಇಲ್ಲಾಂದ್ರೆ ಎಲ್ಲಾ ತೆಗೆದು ಮನೆಗೆ ಕರ್ಕೊಂಡ್ ಹೋಗೋದು. ಹಠಾತ್ತಾಗಿ ಬಂದಿದ್ದು ಅಂತ ನೀವು ಹೇಳಿದ್ದಕ್ಕೆ, ನಾನು ಇನ್ನೊಂದ್ಸಲ ಟ್ರೈ ಮಾಡೋಣ ಅಂತೀನಿ."

"ಟ್ಯೂಬ್ ಹಾಕಿ," ಎಂದಳು ಅಂಬುಜಾ ತಕ್ಷಣ. "ಒಂದು ವಾರದ ಹಿಂದೆ ಆಡ್ಕೊಂಡಿದ್ದ ಜೀವ. ಹೇಗೆ ಬಿಡೋದು?"

ಒಪ್ಪಿಗೆಯ ಕಾಗದವನ್ನು ಅವನ ಮುಂದಿಟ್ಟರು. ಪೆನ್ನು ಕೊಟ್ಟರು. ಎಲ್ಲಿ ರುಜು ಹಾಕಬೇಕೆಂದು ಪೆನ್ಸಿಲಿನ ಗುರುತಿತ್ತು. ಅವನು ಹೆಸರಿನ ಮೊದಲ ಅಕ್ಷರ ಬರೆದ. ಅದು ಅವನ ಅಕ್ಷರದಂತೆ ಕಾಣಲಿಲ್ಲ. ಹಿಂದೆ ಬೆಕ್ಕು ಒಂದು ಸಲ ಕೂಗಿತು. ಕೂಗಲ್ಲ, ಗಂಟಲಲ್ಲಿ ಗಾಳಿ ಉಜ್ಜಿದಂಥ ಸದ್ದು. ಅವನು ಪೆನ್ನಿಟ್ಟು, "ಡಾಕ್ಟ್ರೇ, ಒಂದ್ನಿಮಿಷ ಹೊರಗೆ ಬರ್ತೀರಾ?" ಎಂದ.

ಔಷಧದ ಡಬ್ಬಗಳನ್ನು ಒಟ್ಟಿದ್ದ ಓಣಿಯಂಥ ಜಾಗದಲ್ಲಿ ನಿಂತು ಅವನು ಹೇಳಿದ. ಒಂದು ವಾರವಲ್ಲ, ಎರಡು ತಿಂಗಳು. ಮೊದಲು ನೀರು, ಆಮೇಲೆ ಊಟ ಬಿಟ್ಟದ್ದು, ಆಮೇಲೆ ಸಣ್ಣಗಾದದ್ದು. ಹೇಳುವಾಗ ತನ್ನ ದನಿ ಹಾಜರಿ ಕರೆಯುವವನ ದನಿಯಂತೆ ಸಮನಾಗಿರುವುದನ್ನು ಕೇಳಿ ಅವನಿಗೇ ಹೇಸಿಗೆಯಾಯಿತು. ಬೈಸಿಕೊಳ್ಳಲು ಅವನು ತಯಾರಾಗಿದ್ದ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಡಾಕ್ಟರು ಬೈಯಲಿಲ್ಲ. ಕಣ್ಣುಮುಚ್ಚಿ, ಎರಡು ಬೆರಳಲ್ಲಿ ರೆಪ್ಪೆಯನ್ನು ಒತ್ತಿಕೊಂಡಳು.

"ಎರಡು ತಿಂಗಳು."

"ಹೂಂ."

"ಆಂಟಿಗೆ ಗೊತ್ತಾ?"

"ಇಲ್ಲ."

"ನಾನು ಹೇಳಲ್ಲ ಸರ್. ಅದು ನೀವು ಹೇಳ್ಬೇಕಾದ್ದು. ಆದ್ರೆ ಇನ್ನು ಟ್ಯೂಬ್ ಹಾಕಲ್ಲ. ಈ ಮೂರು ದಿನದ್ದೂ ಬೇಕಿರ್ಲಿಲ್ಲ." ಅವಳು ಇನ್ನೂ ಸರ್ ಎನ್ನುತ್ತಿದ್ದಳು.

ಒಳಗೆ ಹೋಗಿ ಅವಳು ಅಂಬುಜಾಳಿಗೆ, ರಿಪೋರ್ಟೆಲ್ಲಾ ಮತ್ತೆ ನೋಡಿದೆ ಆಂಟಿ, ಇದು ಒಳಗೊಳಗೇ ಬಹಳ ದಿನದಿಂದ ಇದ್ದ ಕಾಯಿಲೆ, ಕಿಡ್ನಿ ವಾಪಸ್ ಬರಲ್ಲ, ಮನೇಲಿ ನೆಮ್ಮದಿಯಾಗಿಡೋದೇ ಒಳ್ಳೇದು, ಎಂದಳು. ವಾಂತಿ ತಡೆಯಲು, ನೋವು ತಡೆಯಲು ಮದ್ದು ಕೊಡುತ್ತೇನೆ, ತೀರಾ ಕಷ್ಟವಾದರೆ ಫೋನ್ ಮಾಡಿ, ನಾನೇ ಮನೆಗೆ ಬಂದು ಇಂಜೆಕ್ಷನ್ ಕೊಟ್ಟು ಮಲಗಿಸುತ್ತೇನೆ, ಎಂದಳು. ಅಂಬುಜಾ ಪೂರ್ತಿ ಕೇಳಿಸಿಕೊಂಡು ತಲೆಯಾಡಿಸಿದಳು. ಅಳಲಿಲ್ಲ. ಬಿಡುಗಡೆಯ ಕಾಗದಕ್ಕೆ ಕಾಯುತ್ತಾ ಹೊರಗಿನ ಬೆಂಚಿನ ಮೇಲೆ ಕೂತಾಗ, "ನಾನು ಹೋಗ್ಬಾರ್ದಿತ್ತು," ಎಂದಳು. "ಅಲ್ಲಿ ಭಾವ ಇದ್ರು, ಅಕ್ಕನ ಸೊಸೆ ಇದ್ಲು. ಹತ್ತು ವಾರ ಇರೋ ಅಗತ್ಯ ಏನಿತ್ತು ನಂಗೆ? ಅಲ್ಲಿ ಸ್ವಲ್ಪ ಹಾಯಾಗಿತ್ತು ಅಂತ ಉಳ್ಕೊಂಡೆ. ಇದು ನನ್ನ ಕಾಣ್ದೆ ಕೊರಗಿ ಕೊರಗಿ ಹೀಗಾಗಿದೆ. ಅದಕ್ಕೇ ನನ್ನ ಮುಖ ನೋಡ್ಲಿಲ್ಲ."

ಇದೊಂದನ್ನು ಅವನು ನಿರೀಕ್ಷಿಸಿರಲಿಲ್ಲ. ತಪ್ಪು ತನ್ನಷ್ಟಕ್ಕೆ ತಾನೇ ನಡೆದುಹೋಗಿ ಅವಳ ಹೆಗಲ ಮೇಲೆ ಕೂತಿತ್ತು. ಸುಮ್ಮನಿದ್ದರೆ ಅದು ಅಲ್ಲೇ ಇರುತ್ತದೆ. ಅವಳು ಅದನ್ನು ಹೊತ್ತು ತಿರುಗುತ್ತಾಳೆ, ಯಾರಿಗೂ ದೂರು ಹೇಳುವುದಿಲ್ಲ. ಸುಮ್ಮನಿರುವುದು ಎಷ್ಟು ಸುಲಭ ಎಂದು ಯೋಚಿಸುತ್ತಾ ಅವನು ಎದುರಿಗೆ ನೋಡಿದ. ಎದುರು ಕಟ್ಟಡದ ಗಾಜಿನಲ್ಲಿ ಇಬ್ಬರು ಮುದುಕರು ಕೂತಿರುವುದು ಕಂಡಿತು. ಅದು ತಾವೇ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಒಂದು ವಾರ ಅಲ್ಲ, ಅಂಬುಜಾ."

"ಏನು?"

"ನೀನು ಹೋಗಿ ಹದಿನೈದು ದಿನಕ್ಕೇ ಶುರುವಾಗಿತ್ತು."

ಅವಳು ಅವನ ಕಡೆ ತಿರುಗಲಿಲ್ಲ. "ನಾನು ದಿನಾ ಫೋನ್ ಮಾಡ್ತಿದ್ನಲ್ಲ."

"ಮಾಡ್ತಿದ್ದೆ."

"ಬಟ್ಟಲು ಖಾಲಿ ಅಂತಿದ್ರಿ."

"ನಾನೇ ಖಾಲಿ ಮಾಡ್ತಿದ್ದೆ."

ಒಳಗಿನಿಂದ ಯಾರೋ 'ಸಾಸಿವೆ ಶ್ರೀಕಂಠಯ್ಯ' ಎಂದು ಕೂಗಿದರು. ಅಂಬುಜಾ ಎದ್ದು ಹೋಗಿ ಬೆಕ್ಕಿದ್ದ ಬುಟ್ಟಿ ತಂದಳು. ಆಟೋ ಮುರುಗೇಶಪಾಳ್ಯ ದಾಟಿ ವಿಮಾನಪುರಕ್ಕೆ ಬರುವವರೆಗೂ ಅವಳ ಕೈ ಬುಟ್ಟಿಯ ಮುಚ್ಚಳದ ಮೇಲೇ ಇತ್ತು. ಗುಂಡಿ ಸಿಕ್ಕಿದಾಗಲೆಲ್ಲ ಬುಟ್ಟಿಯನ್ನು ಎತ್ತಿ ಹಿಡಿಯುತ್ತಿದ್ದಳು. ಅವನೂ ಕೈ ಚಾಚಿದ. "ಬೇಡ, ಹಿಡ್ಕೊಂಡಿದೀನಿ," ಎಂದಳು.

ಮನೆ ಸೇರಿ, ಬೆಕ್ಕನ್ನು ಹಾಲಿನ ಕಿಟಕಿಯ ಕೆಳಗೆ ಮಲಗಿಸಿ, ಅವಳು ಸೆರಗು ಸರಿಮಾಡಿಕೊಂಡು ಬಾಗಿಲ ಕಡೆ ನಡೆದಳು. ಎಲ್ಲಿಗೆಂದು ಅವನಿಗೆ ತಿಳಿಯಿತು. "ಅಕ್ಕಯಮ್ಮಂಗೆ ನಾನೇ ಹೇಳ್ತೀನಿ," ಎಂದ.

"ಬೇಡ. ಮಾತಾಡಿದೋಳು ನಾನು."

ಅವನು ಬಾಗಿಲಲ್ಲೇ ನಿಂತ. ಕೆಳಗಿನಿಂದ ಅವಳ ದನಿ ಅಸ್ಪಷ್ಟವಾಗಿ ಕೇಳಿಸಿತು, ಅದು ಮುಗಿದಮೇಲೆ ಅಕ್ಕಯಮ್ಮನ ದನಿ, ಸ್ಪಷ್ಟವಾಗಿಯೇ: "ಓಗ್ಲಿ ಬುಡಮ್ಮ. ಸಂಕಟಕ್ಕೆ ಅಂದಿದ್ದು. ಬೆಕ್ಕು ಹೆಂಗೈತೆ ಈಗ?" ಗಂಡನ ಹೆಸರನ್ನು ಅಂಬುಜಾ ಅಲ್ಲಿ ಎತ್ತಿದಳೋ ಇಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಆದರೆ ಮರುದಿನ ಹಾಲು ತರಲು ಇಳಿದಾಗ ಅಕ್ಕಯಮ್ಮ ಎಂದಿನಂತೆ, "ಏನ್ ಸಾಮಿ, ಕಾಫಿ ಆಯ್ತಾ?" ಎಂದು ಕೇಳಿದರು. ಅವನಿಗೆ ತಲೆಯೆತ್ತಲಾಗಲಿಲ್ಲ.

ಬೆಕ್ಕು ಮನೆಯಲ್ಲಿ ನಾಲ್ಕು ದಿನ ಇತ್ತು. ಅಂಬುಜಾ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು. ಮದ್ದನ್ನು ಬೆಣ್ಣೆಯಲ್ಲಿ ಕಲಸಿ ತುಟಿಗೆ ಸವರುತ್ತಿದ್ದಳು. ಮೊದಲ ಎರಡು ದಿನ ಅದು ಬಿಸಿಲು ಸರಿದ ಹಾಗೆ ತಾನೂ ಸರಿದು ಮಲಗಿತು. ಒಂದು ಚಮಚದಷ್ಟು ಕೆನೆ ನೆಕ್ಕಿತು. ಎರಡನೆಯ ಸಂಜೆ ಅವಳ ಬೆರಳಿಗೆ ಹಣೆ ಒತ್ತಿತು. ಗಂಡನೊಂದಿಗೆ ಅವಳ ಮಾತು ಕೆಲಸಕ್ಕೆ ಬೇಕಾದಷ್ಟೇ ಇತ್ತು. ಕಿಟಕಿ ಹಾಕಿ. ಸಾರು ಬಿಸಿ ಮಾಡ್ಕೊಳ್ಳಿ. ನಡುನಡುವೆ, ಬೆಕ್ಕಿನ ಮೇಲಿಂದ ಕಣ್ಣೆತ್ತದೆ, ಒಂದೊಂದು ಪ್ರಶ್ನೆ ಕೇಳುತ್ತಿದ್ದಳು. ನೀರು ಕುಡಿಯೋಕೆ ದಿನಾ ಬರ್ತಿತ್ತಾ? ಮೆಟ್ಟಿಲು ಹತ್ತೋದು ಯಾವಾಗ ಬಿಡ್ತು? ಅವನು ಉತ್ತರ ಹೇಳುತ್ತಿದ್ದ. ಒಂದು ಪ್ರಶ್ನೆಗೂ ಇನ್ನೊಂದಕ್ಕೂ ನಡುವೆ ಅರ್ಧ ದಿನ ಕಳೆಯುತ್ತಿತ್ತು. ಆ ಅರ್ಧ ದಿನವನ್ನು ಅವನು ಮುಂದಿನ ಪ್ರಶ್ನೆಗೆ ಕಾಯುತ್ತಾ ಕಳೆಯುತ್ತಿದ್ದ. ತಾನು ಕಾಣದೇ ಹೋದ ಹತ್ತು ವಾರವನ್ನು ಅವಳು ಅವನಿಂದ ಒಂದೊಂದೇ ದಿನವಾಗಿ ಬಿಡಿಸಿಕೊಳ್ಳುತ್ತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಕೇಳಿದಳು: "ನಿಮ್ಮ ತೊಡೆ ಮೇಲೆ ಕೂರ್ತಿತ್ತಾ?"

"ಕೂರ್ತಿತ್ತು."

"ಎಷ್ಟು ಹೊತ್ತು?"

"ಒಂದೊಂದು ದಿನ ಬೆಳಗ್ಗೆಯಿಂದ ಊಟದ ತನಕ." ಆಮೇಲೆ ಅವಳು ಕೇಳದಿದ್ದುದನ್ನೂ ಹೇಳಿದ. ಫೋನಿನಲ್ಲಿ ನೋಡಿದ್ದು, ಕಿಡ್ನಿ ಎಂಬ ಮಾತು, ಮಗುಚಿಟ್ಟದ್ದು. "ಡಾಕ್ಟ್ರ ಹತ್ರ ಹೋದ್ರೆ ಅದು ಮತ್ತೆ ಮೊದಲಿನ ಥರ ಆಗ್ಬಿಡತ್ತೆ, ನನ್ನ ಹತ್ರ ಬರಲ್ಲ ಅನ್ಸಿರ್ಬೇಕು. ಹಾಗೆ ಅಂತ ಆಗ ಅಂದ್ಕೊಂಡಿರ್ಲಿಲ್ಲ. ಈಗ ಯೋಚನೆ ಮಾಡಿದ್ರೆ ಅದೇ ಅನ್ಸತ್ತೆ."

ಸವರುತ್ತಿದ್ದ ಅವಳ ಕೈ ನಿಂತಿತು. ಅವಳು ಅವನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಒಂದು ಆಶ್ಚರ್ಯವಿತ್ತು, ಮೂವತ್ತೈದು ವರ್ಷ ಒಂದೇ ಮನೆಯಲ್ಲಿದ್ದೂ ಈ ಮನುಷ್ಯನಿಗೆ ಇಷ್ಟು ಹಸಿವಿತ್ತೇ ಎಂಬಂತೆ. ಮತ್ತೆ ಕೈ ಆಡತೊಡಗಿತು. ಅವಳು ಇನ್ನು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ನಾಲ್ಕನೆಯ ದಿನ ಬೆಳಗ್ಗೆ ಸಾಸಿವೆಗೆ ಕುತ್ತಿಗೆ ಎತ್ತಲಾಗಲಿಲ್ಲ. ಬಾಯಿಂದ ಹುಳಿ ವಾಸನೆ ಬರುತ್ತಿತ್ತು. ಅಂಬುಜಾ ಹತ್ತು ಗಂಟೆಯವರೆಗೆ ನೋಡಿದಳು. "ಡಾಕ್ಟ್ರಿಗೆ ಫೋನ್ ಮಾಡಿ," ಎಂದಳು. ಅವನು ಮಾಡಿದ. ಮಧ್ಯಾಹ್ನ ಎರಡಕ್ಕೆ ಡಾಕ್ಟರ್ ಅಂಬ್ರೀನ್ ಸ್ಕೂಟರಿನಲ್ಲಿ ಬಂದು, ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಮೊದಲು ನಿದ್ದೆಯದು, ಆಮೇಲೆ ಇನ್ನೊಂದು ಎಂದು ಮೆಲ್ಲನೆ ವಿವರಿಸಿದಳು. "ಸರ್, ನೀವು ಹೊರಗಿದ್ರೂ ಪರವಾಗಿಲ್ಲ." ಅವನು ಹೋಗಲಿಲ್ಲ. ಬೆಕ್ಕು ಅಂಬುಜಾಳ ಮಡಿಲಲ್ಲಿತ್ತು. ಅವನು ಅದರ ಹಿಂಗಾಲನ್ನು, ಯಾರಿಗೂ ಬೇಡವಾದ ಭಾಗವನ್ನು, ಹಿಡಿದುಕೊಂಡು ಕೂತ. ಎರಡನೆಯ ಸೂಜಿ ಹೋದಮೇಲೆ ಡಾಕ್ಟರು ಎದೆಗೆ ಸ್ಟೆತಸ್ಕೋಪು ಇಟ್ಟು ಬಹಳ ಹೊತ್ತು ಕೇಳಿ, "ಹೋಯ್ತು ಆಂಟಿ," ಎಂದಳು. ಅವನ ಕೈಯೊಳಗಿನ ಪಾದಕ್ಕೆ ಅದಿನ್ನೂ ಗೊತ್ತಾಗಿರಲಿಲ್ಲ, ಬೆಚ್ಚಗೇ ಇತ್ತು.

ಮನೆ ಮಾಲೀಕ ಮುನಿವೆಂಕಟಪ್ಪನೇ ಮೇಲೆ ಹತ್ತಿ ಬಂದ. "ಕಾರ್ಪೊರೇಷನ್ ಗಾಡೀಗೆ ಕೊಡ್ಬ್ಯಾಡಿ ಸಾಮಿ. ವಿಭೂತಿಪುರದ ಕಡೆ ನಮ್ದೊಂದು ಸೈಟು ಖಾಲಿ ಐತೆ. ನಮ್ ಎತ್ತುಗಳ್ನೂ ಅಲ್ಲೇ ಮಣ್ಣು ಮಾಡಿರೋದು," ಎಂದು ಗುದ್ದಲಿ ಕೊಟ್ಟು, ಅಲ್ಲಿಗೆ ಕರೆದೊಯ್ದು ಗೇಟಿನ ಬೀಗ ತೆಗೆದುಕೊಟ್ಟು, ತಾನು ದೂರ ರಸ್ತೆಯಲ್ಲೇ ನಿಂತ. ಸುತ್ತ ಮೂರೂ ಕಡೆ ಐದಂತಸ್ತಿನ ಮನೆಗಳೆದ್ದಿದ್ದವು. ಬಾಲ್ಕನಿಗಳಲ್ಲಿ ಬಟ್ಟೆಗಳು ಒಣಗುತ್ತಿದ್ದವು. ಒಂದು ನುಗ್ಗೆಮರದ ಬುಡದಲ್ಲಿ ಶ್ರೀಕಂಠಯ್ಯ ಅಗೆಯತೊಡಗಿದ. ಮೊಳದಷ್ಟಾಗುವಾಗ ಕಲ್ಲು ಸಿಕ್ಕಿತು, ಉಸಿರು ಕಟ್ಟಿತು. ಅಂಬುಜಾ ಬಟ್ಟೆಯಲ್ಲಿ ಸುತ್ತಿದ ಬೆಕ್ಕನ್ನು ಅವನ ಕೈಗೆ ಕೊಟ್ಟು ಗುದ್ದಲಿ ತೆಗೆದುಕೊಂಡಳು. ಅವಳು ಅಗೆಯುವಷ್ಟು ಹೊತ್ತೂ ಅವನು ಅದನ್ನು ಎದೆಗೊತ್ತಿಕೊಂಡು ನಿಂತಿದ್ದ. ಅದು ಇಷ್ಟು ಹಗುರವೆಂದು ಹೇಳಿದ್ದರೆ ಅವನು ನಂಬುತ್ತಿರಲಿಲ್ಲ.

"ಇಲ್ಲಿ ಕೊಡಿ," ಎಂದಳು. ಮಂಡಿಯೂರಿ, ಅದನ್ನು ಗುಂಡಿಯೊಳಗೆ ಬಲಕ್ಕೆ ಮಗ್ಗುಲಾಗಿಸಿ ಮಲಗಿಸಿದಳು. ಹಾಗೇ ಕೂತು, ಗುಂಡಿಯನ್ನೇ ನೋಡುತ್ತಾ ಹೇಳಿದಳು: "ನನ್ನ ಹತ್ರ ಸುಳ್ಳು ಹೇಳಿದ್ರಿ, ಸರಿ. ನಾನು ಹೆಂಡ್ತಿ, ಹೇಗೋ ನುಂಗ್ಕೋತೀನಿ. ಡಾಕ್ಟ್ರ ಹತ್ರ ಯಾಕೆ ಹೇಳಿದ್ರಿ? ಮೂರು ದಿನ ಆ ಬೋನಲ್ಲಿ ಇತ್ತಲ್ರೀ ಅದು."

ಅವಳು ಉತ್ತರಕ್ಕೆ ಕಾಯಲಿಲ್ಲ. "ಮಣ್ಣು ಹಾಕಿ," ಎಂದಳು. ಅವನು ಗುದ್ದಲಿ ಬಿಟ್ಟು ಕೂತು, ಎರಡೂ ಕೈಯಿಂದ ಮಣ್ಣು ತಳ್ಳಿದ. ಹೆಂಟೆಗಳನ್ನು ಪುಡಿಮಾಡಿ ಹಾಕಿದ. ಬಟ್ಟೆ ಕಾಣದಂತಾದಮೇಲೆ ಬೇಗ ತುಂಬಿತು.

ಮುನಿವೆಂಕಟಪ್ಪ ಗೇಟಿನ ಹತ್ತಿರ ಕೆಮ್ಮಿದ. ಅಂಬುಜಾ ಏಳಲು ನೋಡಿದಳು. ಒಂದು ಕೈ ನೆಲಕ್ಕೂರಿ ಮೇಲೇಳಲು ಹೋಗಿ, ಮಂಡಿ ಹಿಡಿದು ಮತ್ತೆ ಕೂತಳು. ಇನ್ನೊಂದು ಸಲ ಪ್ರಯತ್ನಿಸಿದಳು. ಅವನು ಪಕ್ಕದಲ್ಲೇ ನಿಂತಿದ್ದ. ಕೈ ಚಾಚುವ ಹಕ್ಕು ತನಗಿದೆಯೋ ಇಲ್ಲವೋ ತಿಳಿಯದೆ ಮಣ್ಣಾದ ಅಂಗೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಅವಳು ಅವನ ಮುಖ ನೋಡದೆ ತೋಳೆತ್ತಿದಳು.

"ಹಿಡ್ಕೊಳ್ಳಿ. ಏಳೋಕಾಗ್ತಿಲ್ಲ."

ಅವನು ಹಿಡಿದೆತ್ತಿದ. ನಿಂತಮೇಲೆ ಅವಳು ಕೈ ಬಿಡಿಸಿಕೊಂಡು, ಸೀರೆಯ ಮಣ್ಣು ಕೊಡವಿಕೊಂಡು, ಗೇಟಿನ ಕಡೆ ನಡೆದಳು. ಅವನು ಗುದ್ದಲಿಯನ್ನೆತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಹೊರಟ.